ಒಂದೇ ತಾಮ್ರದ ಪುಡಿ, ಎರಡು ಬಣ್ಣ: ಗ್ಲೇಜ್‌ಗೆ ಖನಿಜ ಬಣ್ಣ ಬೆರೆಸುವವರಲ್ಲಿ ಒಂದು ಪ್ರಶ್ನೆ

ತಿಗರಿ

ಎಲ್ಲರಿಗೂ ನಮಸ್ಕಾರ. ನಾನು ವಿದ್ಯುತ್ ಕಿಲ್ನ್‌ನಲ್ಲಿ (ಪಾತ್ರೆ ಸುಡುವ ಗೂಡಿನಲ್ಲಿ) ಶಾಖದ ಅಳತೆಯಾದ ಕೋನ್ 6ರವರೆಗೆ, ಅಂದರೆ ಸುಮಾರು 1220 ಡಿಗ್ರಿ ಸೆಲ್ಸಿಯಸ್‌ವರೆಗೆ ಪಾತ್ರೆಗಳನ್ನು ಸುಡುತ್ತೇನೆ. ಬಣ್ಣವಿಲ್ಲದ ಎರಡು ಮೂಲ ಗ್ಲೇಜ್‌ಗಳನ್ನು, ಅಂದರೆ ಸುಟ್ಟಾಗ ಪಾತ್ರೆಯ ಮೇಲೆ ಗಾಜಾಗುವ ಲೇಪಗಳನ್ನು, ಪುಡಿಯ ರೂಪದಲ್ಲಿ ತರಿಸಿಕೊಂಡು, ಅವಕ್ಕೆ ಖನಿಜ ಬಣ್ಣಗಳನ್ನು ನಾನೇ ಬೆರೆಸಿ ನೋಡುತ್ತಿದ್ದೇನೆ. ಒಂದೇ ಡಬ್ಬಿಯಿಂದ ತೆಗೆದ ತಾಮ್ರದ ಕಾರ್ಬೊನೇಟನ್ನು ಎರಡಕ್ಕೂ ಶೇ. 3ರಷ್ಟು ಹಾಕಿದೆ. ಮೊದಲನೆಯದರಲ್ಲಿ ಎಲೆಹಸಿರು ಬಂತು. ಎರಡನೆಯದರಲ್ಲಿ ಹಸಿರು ಬೆರೆತ ತಿಳಿನೀಲಿ, ಟರ್ಕಾಯ್ಸ್ ಎನ್ನುತ್ತಾರಲ್ಲ, ಅದು ಬಂತು. ಜೊತೆಗೆ ಮೈತುಂಬ ಕೂದಲೆಳೆಯಂಥ ಬಿರುಕುಗಳೂ ಬಂದವು.

ಇದಕ್ಕಿಂತ ಗೊಂದಲದ ಸಂಗತಿ ಕ್ರೋಮಿಯಂನದು. ಮೊದಲ ಗ್ಲೇಜ್‌ಗೆ ಶೇ. 1ರಷ್ಟು ಕ್ರೋಮಿಯಂ ಆಕ್ಸೈಡ್ ಹಾಕಿದರೆ ಹಸಿರಿನ ಬದಲು ಮಂಕಾದ ಕಂದು ಬಣ್ಣ ಬಂತು. ಅದರ ಪಕ್ಕದಲ್ಲಿ ತವರದ ಬಿಳಿ ಗ್ಲೇಜ್ ಹಚ್ಚಿದ ಬಟ್ಟಲೊಂದನ್ನು ಇಟ್ಟಿದ್ದೆ. ಆ ಬಟ್ಟಲು ಕ್ರೋಮಿಯಂ ಪಾತ್ರೆಯ ಕಡೆಗಿದ್ದ ಮಗ್ಗುಲಲ್ಲಿ ಮಾತ್ರ ಗುಲಾಬಿಯಾಗಿದೆ, ಮತ್ತೊಂದು ಮಗ್ಗುಲು ಬೆಳ್ಳಗೇ ಉಳಿದಿದೆ.

ಪುಡಿಗಳ ಜೊತೆಗೆ ಬಂದ ಪಟ್ಟಿಯಲ್ಲಿ ತಾಮ್ರಕ್ಕೂ ಹಸಿರು, ಕ್ರೋಮಿಯಂಗೂ ಹಸಿರು ಎಂದಷ್ಟೇ ಬರೆದಿದೆ. ಆ ಪಟ್ಟಿಯನ್ನು ನಂಬಬಹುದೇ? ಅಥವಾ ಕಚ್ಚಾ ಆಕ್ಸೈಡ್‌ಗಳ ಸಹವಾಸವನ್ನೇ ಬಿಟ್ಟು ಸಿದ್ಧ ಸ್ಟೇನ್‌ಗಳನ್ನು ಬಳಸುವುದು ಒಳ್ಳೆಯದೇ?

ಬೂದಿಗಾಜು

ಪಟ್ಟಿ ಸುಳ್ಳಲ್ಲ, ಅಪೂರ್ಣ. ಯಾವ ಮೂಲ ಗ್ಲೇಜ್‌ನಲ್ಲಿ, ಎಷ್ಟು ಶಾಖದಲ್ಲಿ, ಎಂಥ ವಾತಾವರಣದಲ್ಲಿ ಆ ಬಣ್ಣ ಬರುತ್ತದೆ ಎಂಬುದನ್ನು ಹೇಳದ ಪಟ್ಟಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ನಿಮ್ಮ ಮೊದಲ ಗ್ಲೇಜ್‌ನಲ್ಲಿ ಸತುವಿನ ಆಕ್ಸೈಡ್ ಇದೆಯೇ ಎಂದು ಮಾರಿದವರನ್ನು ಕೇಳಿ ನೋಡಿ. ಇದ್ದೇ ಇರುತ್ತದೆ ಎಂಬುದು ನನ್ನ ಊಹೆ.

ಅಳತೆಗೋಲು

ಬೂದಿಗಾಜು ಅವರ ಊಹೆ ಸರಿಯಾದದ್ದು. ಅದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ತಿಗರಿ ಅವರು ವಿವರಿಸಿದ ಸಂಗತಿಗಳೆಲ್ಲ ಒಂದೇ ಮೂಲಕ್ಕೆ ಹೋಗಿ ಸೇರುತ್ತವೆ.

ತಾಮ್ರ, ಕೋಬಾಲ್ಟ್, ಕಬ್ಬಿಣದಂಥ ಆಕ್ಸೈಡ್‌ಗಳು ಗ್ಲೇಜ್ ಕರಗಿದಾಗ ತಾವೂ ಅದರೊಳಗೆ ಕರಗಿಹೋಗುತ್ತವೆ. ಆಮೇಲೆ ನಾವು ನೋಡುವುದು ಪುಡಿಯ ಬಣ್ಣವನ್ನಲ್ಲ. ಗಾಜಿನೊಳಗೆ ಆ ಲೋಹದ ಅಯಾನಿನ ಸುತ್ತ ಯಾರು ಯಾರು ಕುಳಿತಿದ್ದಾರೆ ಎಂಬುದರಿಂದ ಹುಟ್ಟಿದ ಬಣ್ಣವನ್ನು. ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂಗಳಂಥ ಕ್ಷಾರಗಳು ಹೆಚ್ಚಿದ್ದು ಅಲ್ಯೂಮಿನ (ಅಲ್ಯೂಮಿನಿಯಂ ಆಕ್ಸೈಡ್) ಕಡಿಮೆಯಿದ್ದರೆ ತಾಮ್ರ ಟರ್ಕಾಯ್ಸ್ ಬಣ್ಣ ಕೊಡುತ್ತದೆ. ಸುಣ್ಣದಂಶವೂ ಅಲ್ಯೂಮಿನವೂ ಹೆಚ್ಚಿದ್ದರೆ ಹಸಿರಿಗೆ ತಿರುಗುತ್ತದೆ. ಹಾಗಾಗಿ ನಿಮ್ಮ ಎರಡನೆಯ ಗ್ಲೇಜ್ ಕ್ಷಾರಮಯವಾದದ್ದು ಎಂದು ಬಣ್ಣ ನೋಡಿಯೇ ಹೇಳಬಹುದು, ಬಿರುಕುಗಳೂ ಅದಕ್ಕೇ ಸಾಕ್ಷಿ ನುಡಿಯುತ್ತವೆ. ಸೋಡಿಯಂ ಮತ್ತು ಪೊಟ್ಯಾಸಿಯಂ ಹೆಚ್ಚಿದ ಗಾಜು ಬಿಸಿಯಲ್ಲಿ ಬಹಳ ಹಿಗ್ಗಿ, ತಣಿಯುವಾಗ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಆ ಎಳೆತವನ್ನು ತಡೆಯಲಾರದೆ ಗ್ಲೇಜ್ ಬಿರಿಯುತ್ತದೆ. ನಿಮ್ಮ ನೀಲಿಗೂ ಬಿರುಕಿಗೂ ಕಾರಣ ಒಂದೇ ಆಗಿರುವುದರಿಂದ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಪೂರ್ತಿ ತೊಲಗಿಸುವುದು ಸುಲಭವಲ್ಲ. ಲಿಥಿಯಂ ಅಥವಾ ಸ್ಟ್ರಾಂಷಿಯಂ ಸೇರಿಸಿ ಸೋಡಿಯಂ ತಗ್ಗಿಸಿದರೆ ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ.

ಇನ್ನು ಕ್ರೋಮಿಯಂ. ಸತುವಿನ ಜೊತೆ ಸೇರಿದರೆ ಅದು ಕಂದು ಬಣ್ಣದ ಸಂಯುಕ್ತವಾಗುತ್ತದೆ. ಹಸಿರು ಬೇಕೆಂದರೆ ಸತುವಿಲ್ಲದ ಗ್ಲೇಜ್ ಬೇಕು, ಇದಕ್ಕೆ ಬೇರೆ ದಾರಿಯಿಲ್ಲ. ಹೆಚ್ಚಿನ ಶಾಖದಲ್ಲಿ ಕ್ರೋಮಿಯಂ ಅಲ್ಪ ಪ್ರಮಾಣದಲ್ಲಿ ಆವಿಯಾಗಿ ಹೊರಬರುತ್ತದೆ. ಆ ಆವಿ ಪಕ್ಕದ ಪಾತ್ರೆಯ ತವರ ಮತ್ತು ಸುಣ್ಣದಂಶಗಳ ಜೊತೆ ಕೂಡಿದಾಗ ಹುಟ್ಟುವುದೇ ನಿಮ್ಮ ಗುಲಾಬಿ ಬಣ್ಣ. ಅದಕ್ಕೆ ಎಷ್ಟು ಕಡಿಮೆ ಕ್ರೋಮಿಯಂ ಸಾಕು ಎಂಬುದಕ್ಕೆ ನಿಮ್ಮ ಬಟ್ಟಲೇ ಪುರಾವೆ: ಗಾಳಿಯಲ್ಲಿ ತೇಲಿ ಬಂದಷ್ಟೇ ಸಾಕಾಗಿದೆ.

ಕೋನಾರು

ಇಷ್ಟೆಲ್ಲ ರಸಾಯನಶಾಸ್ತ್ರ ಓದಿದ ಮೇಲೂ ಕಚ್ಚಾ ಆಕ್ಸೈಡ್ ಬಳಸಬೇಕೆಂದು ಯಾರಿಗಾದರೂ ಏಕೆ ಅನಿಸಬೇಕು ಎಂಬುದು ನನಗೆ ಅರ್ಥವಾಗುವುದಿಲ್ಲ. ಸ್ಟೇನ್ ಎಂದರೆ ಆಕ್ಸೈಡ್‌ಗಳನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ, ಹೆಚ್ಚಿನ ಶಾಖದಲ್ಲಿ ಮೊದಲೇ ಸುಟ್ಟು, ಅರೆದು, ತೊಳೆದು ಸಿದ್ಧಪಡಿಸಿದ ಪುಡಿ. ಅದರ ಬಣ್ಣ ಆಗಲೇ ಹರಳಿನೊಳಗೆ ನೆಲೆಗೊಂಡಿರುತ್ತದೆ. ಜಿರ್ಕಾನ್ ಹರಳಿನಲ್ಲಿ ವೆನೇಡಿಯಂ ಸೇರಿಸಿದ ನೀಲಿ, ಪ್ರೇಸಿಯೊಡಿಮಿಯಂ ಸೇರಿಸಿದ ಹಳದಿ, ಕಬ್ಬಿಣ ಸೇರಿಸಿದ ಹವಳದ ಬಣ್ಣ ಇವೆಲ್ಲ ಕಿಲ್ನ್‌ನಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಹಸಿ ಪಾತ್ರೆಯ ಮೇಲೆ ಕಂಡ ಬಣ್ಣವೇ ಸುಟ್ಟ ಮೇಲೂ ಕಾಣುವುದರಿಂದ ಚಿತ್ರ ಬರೆಯುವವರಿಗೆ ಇದೊಂದು ದೊಡ್ಡ ಅನುಕೂಲ. ತಿಗರಿ ಅವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಹೌದು, ಸ್ಟೇನ್ ಬಳಸಿ.

ಬೂದಿಗಾಜು

ಕೋನಾರು ಅವರೇ, ಸ್ಟೇನ್‌ಗೂ ಮೂಲ ಗ್ಲೇಜ್‌ನ ಹಂಗು ತಪ್ಪಿದ್ದಲ್ಲ. ಕ್ರೋಮಿಯಂ ಮತ್ತು ತವರದಿಂದ ಮಾಡಿದ ಗುಲಾಬಿ ಸ್ಟೇನನ್ನು ಸತುವಿರುವ ಗ್ಲೇಜ್‌ಗೆ ಹಾಕಿ ನೋಡಿ. ಬಣ್ಣ ಕದಡಿ ಬೂದಿಬಣ್ಣಕ್ಕೆ ಇಳಿಯುತ್ತದೆ. ಇನ್ನು ಕೆಲವು ಕಂದು ಸ್ಟೇನ್‌ಗಳಿಗೆ ಗ್ಲೇಜ್‌ನಲ್ಲಿ ಸತು ಇರಲೇಬೇಕು. ತಯಾರಕರು ಕೊಡುವ ವಿವರದ ಹಾಳೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ, ಓದುವವರು ಕಡಿಮೆ. ಮೂಲ ಗ್ಲೇಜ್‌ನಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಕೆಲಸದಿಂದ ಸ್ಟೇನ್ ನಮ್ಮನ್ನು ಪಾರುಮಾಡುವುದಿಲ್ಲ.

ಕೋನಾರು

ಒಪ್ಪುತ್ತೇನೆ. ಆದರೆ ಆ ಹಾಳೆಯನ್ನು ಒಮ್ಮೆ ಓದಿಕೊಂಡರೆ ಸಾಕು, ಪ್ರತಿ ಸಲ ಅಚ್ಚರಿಗೆ ಸಿದ್ಧವಾಗಿ ಕಿಲ್ನ್ ಬಾಗಿಲು ತೆರೆಯಬೇಕಾಗಿಲ್ಲ.

ಕೆಮ್ಮಣ್ಣು

ಸ್ಟೇನ್ ಕೊಡುವುದು ಸಮತಟ್ಟಾದ ಬಣ್ಣ. ಅದು ಬೇಕಾದವರಿಗೆ ಅದು ಸರಿ. ಆದರೆ ಕಬ್ಬಿಣದ ಆಕ್ಸೈಡ್ ಒಂದನ್ನೇ ಹಿಡಿದು ಕುಳಿತರೂ ಎಷ್ಟು ಬಣ್ಣಗಳು ಹೊರಡುತ್ತವೆ ಎಂಬುದನ್ನು ಯೋಚಿಸಿ. ಆಮ್ಲಜನಕ ಕಡಿಮೆಯಿರುವ ಬೆಂಕಿಯಲ್ಲಿ ಶೇ. 1ರಿಂದ 2ರಷ್ಟು ಕಬ್ಬಿಣ ಸೆಲಡಾನ್ ಎಂಬ ಗ್ಲೇಜ್‌ನ ತಿಳಿಹಸಿರನ್ನು ಕೊಡುತ್ತದೆ. ಅದನ್ನೇ ಶೇ. 8ರಿಂದ 10ಕ್ಕೆ ಏರಿಸಿದರೆ ಅಂಚಿನಲ್ಲಿ ಕಂದು ಒಡೆಯುವ ಕಪ್ಪು ಟೆನ್ಮೊಕು ಬರುತ್ತದೆ. ಇನ್ನೂ ಸ್ವಲ್ಪ ಏರಿಸಿದರೆ ಮೇಲ್ಮೈಯಲ್ಲಿ ಕಬ್ಬಿಣದ ಹರಳುಗಳು ಕಟ್ಟಿ ಇಟ್ಟಿಗೆಗೆಂಪಿನ ಕಾಕಿ ಎಂಬ ಗ್ಲೇಜ್ ಆಗುತ್ತದೆ. ಗಾಳಿ ಸಾಕಷ್ಟಿರುವ ವಿದ್ಯುತ್ ಕಿಲ್ನ್‌ನಲ್ಲಿ ಅದೇ ಶೇ. 2ರ ಕಬ್ಬಿಣ ಹಸಿರಿನ ಬದಲು ಜೇನಿನ ಬಣ್ಣ ಕೊಡುತ್ತದೆ. ಇಷ್ಟು ಬಗೆಯನ್ನು ಯಾವ ಸ್ಟೇನ್ ಕೊಟ್ಟೀತು?

ಸುಂಗ್ ರಾಜವಂಶದ ಕಾಲದಲ್ಲಿ ಚೀನಾದ ಫುಜಿಯಾನ್ ಪ್ರಾಂತ್ಯದ ಜಿಯಾನ್ ಕುಂಬಾರರು ಈ ಕಬ್ಬಿಣದ ಗ್ಲೇಜ್‌ನಿಂದಲೇ ಕಪ್ಪು ಚಹಾ ಬಟ್ಟಲುಗಳನ್ನು ಮಾಡಿದರು. ಕೆಲವದರ ಮೇಲೆ ಮೊಲದ ರೋಮದಂಥ ಗೆರೆಗಳು, ಕೆಲವದರ ಮೇಲೆ ಎಣ್ಣೆಹನಿಗಳಂಥ ಬೆಳ್ಳಿಚುಕ್ಕೆಗಳು. ಆ ಚುಕ್ಕೆಗಳು ಆಮ್ಲಜನಕವಿಲ್ಲದ ಗಾಢ ಅಪಕರ್ಷಣದಿಂದಲೇ ಬರುತ್ತವೆ, ಹಾಗಾಗಿ ವಿದ್ಯುತ್ ಕಿಲ್ನ್ ಇರುವವರಿಗೆ ಅದರ ಯೋಗವಿಲ್ಲ.

ಕಿಂಡಿಗಣ್ಣು

ಕೆಮ್ಮಣ್ಣು ಅವರ ಕೊನೆಯ ವಾಕ್ಯವನ್ನು ತಿದ್ದಬೇಕಾಗಿದೆ. ಎಣ್ಣೆಹನಿ ಗ್ಲೇಜ್‌ಗೆ ಬೇಕಾದದ್ದು ಅಪಕರ್ಷಣವಲ್ಲ, ಉತ್ಕರ್ಷಣ, ಅಂದರೆ ಆಮ್ಲಜನಕ ಸಾಕಷ್ಟಿರುವ ವಾತಾವರಣ. ಆದ್ದರಿಂದಲೇ ವಿದ್ಯುತ್ ಕಿಲ್ನ್ ಅದಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ.

ಕೆಂಪು ಕಬ್ಬಿಣದ ಆಕ್ಸೈಡ್ ಸುಮಾರು 1230 ಡಿಗ್ರಿ ದಾಟಿದಾಗ, ಸುತ್ತ ಗಾಳಿ ಎಷ್ಟಿದ್ದರೂ ತಾನಾಗಿಯೇ ಆಮ್ಲಜನಕವನ್ನು ಬಿಟ್ಟುಕೊಡಲು ಆರಂಭಿಸುತ್ತದೆ. ಅಷ್ಟರಲ್ಲಿ ಗ್ಲೇಜ್ ಮಂದವಾಗಿ ಕರಗಿರುವುದರಿಂದ ಆ ಅನಿಲ ಗುಳ್ಳೆಗಳಾಗಿ ಮೇಲೇಳುತ್ತದೆ. ಪ್ರತಿ ಗುಳ್ಳೆಯೂ ತನ್ನ ಸುತ್ತಲಿನ ಕಬ್ಬಿಣವನ್ನು ಮೇಲಕ್ಕೆ ಹೊತ್ತು ತಂದು, ಒಡೆದ ಜಾಗದಲ್ಲಿ ಬಿಟ್ಟುಹೋಗುತ್ತದೆ. ಆ ಹಂತದಲ್ಲಿ ಕಿಲ್ನ್‌ನಿಂದ ಒಂದು ಪರೀಕ್ಷೆಯ ಬಿಲ್ಲೆಯನ್ನು ಕಂಬಿಯಿಂದ ಎಳೆದು ತಣಿಸಿ ನೋಡಿದರೆ ಮೇಲ್ಮೈ ತುಂಬ ತೆರೆದ ಕುಳಿಗಳಿರುತ್ತವೆ. ಕುಳಿಯ ಅಂಚು ಚೂಪಾಗಿ, ಬೆರಳಿಗೆ ತರಿತರಿಯಾಗಿ ಸಿಗುತ್ತದೆ, ತಳದಲ್ಲಿ ಕಪ್ಪು ಕಲೆ ಕಾಣುತ್ತದೆ. ಶಾಖವನ್ನು ಇನ್ನೂ ಏರಿಸಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಅಂಚು ಕರಗಿ ಒಳಕ್ಕೆ ಹರಿದು ಕುಳಿ ಮುಚ್ಚುತ್ತದೆ, ಕಬ್ಬಿಣ ಮಾತ್ರ ಅಲ್ಲೇ ದುಂಡಗೆ ಉಳಿದು ತಣಿಯುವಾಗ ಹೊಳೆಯುವ ಚುಕ್ಕೆಯಾಗುತ್ತದೆ. ಬೇಗ ನಿಲ್ಲಿಸಿದರೆ ಕುಳಿ ಹಾಗೆಯೇ ಉಳಿಯುತ್ತದೆ, ಹೆಚ್ಚು ಹೊತ್ತು ಹಿಡಿದರೆ ಚುಕ್ಕೆಗಳು ಜಾರಿ ಗೆರೆಗಳಾಗುತ್ತವೆ. ಮೊಲದ ರೋಮದ ಗೆರೆ ಬರುವುದೂ ಹೀಗೆ ಇಳಿಜಾರಿನಲ್ಲಿ ಹರಿದೇ.

ಅಪಕರ್ಷಣದ ಬೆಂಕಿ ಕೊಟ್ಟರೆ ಕಬ್ಬಿಣ ಮೊದಲೇ ಆಮ್ಲಜನಕವನ್ನು ಕಳೆದುಕೊಂಡಿರುತ್ತದೆ, ಅನಂತರ ಬಿಡಲು ಅದರಲ್ಲಿ ಏನೂ ಉಳಿದಿರುವುದಿಲ್ಲ, ಗುಳ್ಳೆಯೂ ಏಳುವುದಿಲ್ಲ. ಆದರೆ ಕೋನ್ 6 ಇದಕ್ಕೆ ಸಾಲದು, ಕೋನ್ 8ರಿಂದ 10 ಬೇಕು.

ಕೆಮ್ಮಣ್ಣು

ತಿದ್ದಿದ್ದಕ್ಕೆ ಕೃತಜ್ಞತೆಗಳು. ಬಿಲ್ಲೆ ಎಳೆದು ನೋಡುವ ವಿಧಾನ ಚೆನ್ನಾಗಿದೆ. ಸೆಲಡಾನ್ ವಿಷಯದಲ್ಲಿ ಮಾತ್ರ ನನ್ನ ಮಾತಿಗೆ ನಾನು ಬದ್ಧ: ನಿಜವಾದ ಸೆಲಡಾನ್‌ಗೆ ಅಪಕರ್ಷಣ ಬೇಕೇ ಬೇಕು.

ಕಿಂಡಿಗಣ್ಣು

ಅದರಲ್ಲಿ ಎರಡು ಮಾತಿಲ್ಲ.

ಹಸಿಮಡಕೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೋಬಾಲ್ಟ್ ಆಕ್ಸೈಡ್ ಮತ್ತು ಕೋಬಾಲ್ಟ್ ಕಾರ್ಬೊನೇಟ್ ಎರಡೂ ಸಿಗುತ್ತವೆ. ಯಾವುದನ್ನು ಕೊಳ್ಳಬೇಕು? ಮತ್ತು ಶೇ. 3 ಎಂದರೆ ಒಟ್ಟು ನೂರರಲ್ಲಿ 3 ಭಾಗವೋ, ನೂರರ ಮೇಲೆ 3 ಭಾಗವೋ?

ಅಳತೆಗೋಲು

ನೂರರ ಮೇಲೆ. ಮೂಲ ಗ್ಲೇಜ್‌ನ ಒಣ ಪುಡಿ 100 ಗ್ರಾಂ ಇದ್ದರೆ ಬಣ್ಣ 3 ಗ್ರಾಂ ಹೆಚ್ಚುವರಿ. ಹೀಗೆ ಬರೆಯುವ ರೂಢಿಯಿಂದ ಮೂಲ ಗ್ಲೇಜ್‌ನ ಸೂತ್ರ ಬದಲಾಗದೆ ಉಳಿಯುತ್ತದೆ, ಬಣ್ಣವನ್ನಷ್ಟೇ ಏರಿಳಿಸಬಹುದು.

ಆಕ್ಸೈಡ್‌ಗೂ ಕಾರ್ಬೊನೇಟ್‌ಗೂ ಕೊನೆಯಲ್ಲಿ ಸಿಗುವ ಬಣ್ಣ ಒಂದೇ, ಬಲ ಬೇರೆ. ಕಾರ್ಬೊನೇಟ್ ಕಾದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಹಗುರಾಗುತ್ತದೆ. ಆದ್ದರಿಂದ ಕೋಬಾಲ್ಟ್ ಆಕ್ಸೈಡ್ 1 ಗ್ರಾಂ ಎಂದಿರುವಲ್ಲಿ ಕಾರ್ಬೊನೇಟ್ ಸುಮಾರು 1.5 ಗ್ರಾಂ ಬೇಕು. ಕಪ್ಪು ತಾಮ್ರದ ಆಕ್ಸೈಡ್ 1 ಗ್ರಾಂ ಎಂದಿರುವಲ್ಲಿ ತಾಮ್ರದ ಕಾರ್ಬೊನೇಟ್ ಸುಮಾರು 1.4 ಗ್ರಾಂ ಬೇಕು. ಕೋಬಾಲ್ಟ್ ಎಷ್ಟು ಬಲಶಾಲಿ ಎಂದರೆ ಶೇ. 0.25 ಕೂಡ ಕಣ್ಣಿಗೆ ಹೊಡೆಯುವ ನೀಲಿ ಕೊಡುತ್ತದೆ, ಶೇ. 1 ದಾಟುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಇಷ್ಟು ಕಡಿಮೆ ಪುಡಿಯನ್ನು ಗ್ಲೇಜ್ ತುಂಬ ಸಮನಾಗಿ ಹರಡುವುದೇ ಕಷ್ಟ. ಆಕ್ಸೈಡ್‌ನ ಕಣಗಳು ದಪ್ಪವಾಗಿದ್ದರೆ ನೀಲಿ ಚುಕ್ಕೆಗಳು ಏಳುತ್ತವೆ. ಕಾರ್ಬೊನೇಟ್ ನಯವಾಗಿರುವುದರಿಂದ ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಮೊದಲು ಸ್ವಲ್ಪ ಗ್ಲೇಜ್ ಜೊತೆ ಕಲ್ವದಲ್ಲಿ ಅರೆದು, ಆಮೇಲೆ ಉಳಿದದ್ದಕ್ಕೆ ಸೇರಿಸಿ, 100 ಮೆಶ್ ಜರಡಿಯಲ್ಲಿ ಎರಡು ಸಲ ಸೋಸಿ.

ನೀಲಿಕುಂಚ

ಚುಕ್ಕೆಗಳನ್ನು ದೋಷವೆಂದು ತೀರ್ಮಾನಿಸುವ ಮೊದಲು ಒಂದು ಸಂಗತಿಯನ್ನು ನೆನಪಿಸಲು ಬಯಸುತ್ತೇನೆ. ಯುವಾನ್ ರಾಜವಂಶದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಚೀನಾದ ಜಿಂಗ್‌ಡೆಜೆನ್ ಪಟ್ಟಣದ ಕುಂಬಾರರು ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರಗಳನ್ನು ಬರೆಯಲು ಪಶ್ಚಿಮ ಏಷ್ಯಾದಿಂದ ಬಂದ ಕೋಬಾಲ್ಟ್ ಅದಿರನ್ನು ಬಳಸಿದರು. ಅದರಲ್ಲಿ ಕಬ್ಬಿಣ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಕುಂಚದಲ್ಲಿ ಬಣ್ಣ ಹೆಚ್ಚಾಗಿ ನಿಂತ ಕಡೆಗಳಲ್ಲಿ ಅದು ಗ್ಲೇಜ್ ಭೇದಿಸಿ ಮೇಲೆದ್ದು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಮಿಂಗ್ ಕಾಲದ ಆರಂಭದ ಪಾತ್ರೆಗಳಲ್ಲಿಯೂ ಅದು ಇದೆ. ಮುಂದೆ ಅದೇ ಲಕ್ಷಣವನ್ನು ಜನ ಎಷ್ಟು ಮೆಚ್ಚಿದರೆಂದರೆ, 18ನೆಯ ಶತಮಾನದ ಚಿತ್ರಕಾರರು ನಯವಾದ ಕೋಬಾಲ್ಟ್‌ನಿಂದ ಬರೆದ ಗೆರೆಗಳ ಮೇಲೆ ಕುಂಚದ ತುದಿಯಿಂದ ಬೇಕೆಂದೇ ದಟ್ಟ ಚುಕ್ಕೆಗಳನ್ನು ಇಟ್ಟರು. ಚೀನಾದಲ್ಲೇ ದೊರೆಯುತ್ತಿದ್ದ ಅದಿರಿನಲ್ಲಿ ಮ್ಯಾಂಗನೀಸ್ ಹೆಚ್ಚಿದ್ದುದರಿಂದ ಅದರ ನೀಲಿ ಸ್ವಲ್ಪ ಬೂದುಬಣ್ಣಕ್ಕೆ ವಾಲುತ್ತಿತ್ತು.

1351ರ ಇಸವಿಯನ್ನು ಬರೆದಿರುವ, ಡೇವಿಡ್ ಹೂದಾನಿಗಳು ಎಂದು ಹೆಸರಾದ ಯುವಾನ್ ಕಾಲದ ನೀಲಿ ಚಿತ್ರದ ಜೋಡಿ ಹೂದಾನಿಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ನಾವು ಇಂದು ಕೊಳ್ಳುವ ಶುದ್ಧ ಕೋಬಾಲ್ಟ್ ಅದಕ್ಕಿಂತ ಹೆಚ್ಚು ಶುದ್ಧ, ಆದರೆ ಅದನ್ನೊಂದನ್ನೇ ಬಳಸಿದರೆ ನೀಲಿ ಒರಟಾಗಿ ಕಾಣುತ್ತದೆ. ನಾನು ಕೋಬಾಲ್ಟ್‌ಗೆ ಯಾವಾಗಲೂ ಸ್ವಲ್ಪ ಕಬ್ಬಿಣ, ಕೆಲವೊಮ್ಮೆ ಚಿಟಿಕೆ ಮ್ಯಾಂಗನೀಸ್ ಬೆರೆಸುತ್ತೇನೆ. ಬಣ್ಣ ತಗ್ಗಿ ಶಾಂತವಾಗುತ್ತದೆ.

ಕೋನಾರು

ಕೋಬಾಲ್ಟ್ ಎಲ್ಲೆಡೆಯೂ ನೀಲಿ ಎಂದಾದರೂ ಹೇಳಬಹುದೇ, ಅದಕ್ಕೂ ಅಪವಾದವಿದೆಯೇ?

ಅಳತೆಗೋಲು

ಇದೆ. ಮೆಗ್ನೀಷಿಯಂ ಹೆಚ್ಚಿರುವ ಗ್ಲೇಜ್‌ನಲ್ಲಿ, ಅಂದರೆ ಟಾಲ್ಕ್ ಅಥವಾ ಡಾಲಮೈಟ್ ಧಾರಾಳವಾಗಿರುವ ಮಂಕುಹೊಳಪಿನ ಗ್ಲೇಜ್‌ಗಳಲ್ಲಿ ಕೋಬಾಲ್ಟ್ ನೇರಳೆಗೆ ತಿರುಗುತ್ತದೆ. ಟೈಟಾನಿಯಂ ಅಥವಾ ಅದರ ಖನಿಜವಾದ ರೂಟೈಲ್ ಜೊತೆಗಿದ್ದರೆ ಹಸಿರಿನ ಕಡೆಗೆ ಹೋಗುತ್ತದೆ. ಆದರೂ ಉಳಿದವುಗಳಿಗೆ ಹೋಲಿಸಿದರೆ ಕೋಬಾಲ್ಟ್ ನಂಬಿಕಸ್ಥ. ಉತ್ಕರ್ಷಣವಿರಲಿ, ಅಪಕರ್ಷಣವಿರಲಿ, ಅದು ಹೆಚ್ಚು ಕದಲುವುದಿಲ್ಲ. ಅತ್ಯಂತ ಚಂಚಲವಾದದ್ದು ನಿಕ್ಕಲ್. ಒಂದೊಂದು ಗ್ಲೇಜ್‌ನಲ್ಲಿ ಒಂದೊಂದು ಬಣ್ಣ: ಬೂದಿ, ಕಂದು, ಸತುವಿದ್ದರೆ ಉಕ್ಕಿನ ನೀಲಿ, ಬೇರಿಯಂ ಜೊತೆಗಿದ್ದರೆ ಗುಲಾಬಿಯವರೆಗೂ.

ಹಸಿಮಡಕೆ

ನೀಲಿಕುಂಚ ಅವರೇ, ನಾನು ಕೋಬಾಲ್ಟನ್ನು ನೀರಿನಲ್ಲಿ ಕಲಸಿ ಬಿಸ್ಕ್ ಪಾತ್ರೆಯ (ಗ್ಲೇಜ್ ಹಚ್ಚದೆ ಒಮ್ಮೆ ಸುಟ್ಟ ಪಾತ್ರೆಯ) ಮೇಲೆ ಚಿತ್ರ ಬರೆಯುತ್ತೇನೆ. ಗ್ಲೇಜ್‌ನಲ್ಲಿ ಮುಳುಗಿಸುವಾಗ ಬಣ್ಣ ಕೈಗೆ ಮೆತ್ತಿಕೊಳ್ಳುತ್ತದೆ, ಗ್ಲೇಜ್ ಬಕೆಟ್ಟೂ ನೀಲಿಯಾಗುತ್ತದೆ. ದಪ್ಪ ಗೆರೆ ಎಳೆದ ಕಡೆ ಗ್ಲೇಜ್ ಹಿಂದೆ ಸರಿದು ಮಣ್ಣು ಬರಿದಾಗುತ್ತದೆ. ಏನು ಮಾಡಬೇಕು?

ನೀಲಿಕುಂಚ

ನೀರು ಒಣಗಿದ ಮೇಲೆ ಪುಡಿಯನ್ನು ಪಾತ್ರೆಗೆ ಹಿಡಿದಿಡುವುದು ಏನೂ ಇಲ್ಲ, ಅದೇ ನಿಮ್ಮ ತೊಂದರೆಯ ಮೂಲ. ಆಕ್ಸೈಡ್‌ಗೆ ಫ್ರಿಟ್ ಬೆರೆಸಿ. ಫ್ರಿಟ್ ಎಂದರೆ ಮೊದಲೇ ಕರಗಿಸಿ ಪುಡಿಮಾಡಿದ ಗಾಜು. ಅದು ಬಣ್ಣವನ್ನು ಮಣ್ಣಿಗೂ ಗ್ಲೇಜ್‌ಗೂ ಬೆಸೆಯುತ್ತದೆ. ಸ್ಟೇನ್ ಆದರೆ ಸಮಸಮ ಫ್ರಿಟ್‌ನಿಂದ ಆರಂಭಿಸಿ ನೋಡಿ. ಕೋಬಾಲ್ಟ್ ಬಹಳ ಬಲವಾದದ್ದಾದ್ದರಿಂದ ಅದಕ್ಕೆ ಫ್ರಿಟ್ ಜೊತೆಗೆ ಸ್ವಲ್ಪ ಬಿಳಿ ಜೇಡಿಮಣ್ಣನ್ನೂ ಸೇರಿಸಿ ತೆಳುಮಾಡಬೇಕು. ಜೇಡಿಮಣ್ಣಿನಿಂದ ಕುಂಚವೂ ಸರಾಗವಾಗಿ ಓಡುತ್ತದೆ.

ಬರೆಯುವಾಗ ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಬಿಸ್ಕ್ ಪಾತ್ರೆ ಕುಂಚದ ನೀರನ್ನು ಮುಟ್ಟಿದೊಡನೆ ಹೀರುತ್ತದೆ. ಗೆರೆಯ ಆರಂಭದಲ್ಲಿ ಕುಂಚ ಒಂದು ಕ್ಷಣ ನಿಂತರೂ ಅಲ್ಲಿ ಬಣ್ಣ ಗುಡ್ಡೆಯಾಗುತ್ತದೆ. ಒಣಗಿದಾಗ ಎಲ್ಲ ಒಂದೇ ಕಂದುಬೂದಿಯಾಗಿ ಕಾಣುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಸುಟ್ಟ ಮೇಲೆ ಮಾತ್ರ ಆ ತುದಿ ಕಪ್ಪಾಗಿ ಲೋಹದಂತೆ ಮಿನುಗುತ್ತದೆ. ಕುಂಚ ಪಾತ್ರೆಯನ್ನು ಮುಟ್ಟುವ ಮೊದಲೇ ಚಲಿಸುತ್ತಿರಬೇಕು. ಬಟ್ಟಲಿನಲ್ಲಿ ಆಕ್ಸೈಡ್ ತಳಕ್ಕೆ ಇಳಿಯುತ್ತಲೇ ಇರುವುದರಿಂದ ಪ್ರತಿ ಸಲ ಅದ್ದುವಾಗಲೂ ಕಲಕಬೇಕು.

ಕಿಂಡಿಗಣ್ಣು

ಫ್ರಿಟ್ ಬೇಕಾಗಿಲ್ಲ, ಗೋಂದು ಸಾಕು. ಸೆಲ್ಯುಲೋಸ್‌ನಿಂದ ಮಾಡಿದ ಸಿಎಂಸಿ ಗೋಂದಿನ ದ್ರಾವಣದಲ್ಲಿ ಕಲಸಿದರೆ ಕೈಗೆ ಮೆತ್ತಿಕೊಳ್ಳುವುದು ನಿಂತುಹೋಗುತ್ತದೆ.

ನೀಲಿಕುಂಚ

ಕೈಗೆ ಮೆತ್ತಿಕೊಳ್ಳುವುದು ನಿಲ್ಲುತ್ತದೆ, ಗ್ಲೇಜ್ ಹಿಂದೆ ಸರಿಯುವುದು ನಿಲ್ಲುವುದಿಲ್ಲ. ಗೋಂದು ಕಿಲ್ನ್‌ನ ಮೊದಲ ಹಂತದಲ್ಲೇ ಸುಟ್ಟು ಹೋಗುತ್ತದೆ, ಆಮೇಲೆ ಅಲ್ಲಿ ಉಳಿಯುವುದು ಅದೇ ಒಣ ಪುಡಿ. ಕರಗಿದ ಗ್ಲೇಜ್ ಆ ಪುಡಿಯನ್ನು ಹಿಡಿಯಲಾರದೆ ಸರಿಯುತ್ತದೆ. ಕ್ರೋಮಿಯಂನಂಥ, ಸುಲಭಕ್ಕೆ ಕರಗದ ಆಕ್ಸೈಡ್ ಆದರೆ ಇನ್ನೂ ಹೆಚ್ಚು. ಗೋಂದು ಹಾಕುವುದಾದರೆ ಫ್ರಿಟ್‌ನ ಜೊತೆಗೆ ಹಾಕಿ, ಅದರ ಬದಲಿಗೆ ಬೇಡ. ಹೆಚ್ಚು ಗೋಂದಿದ್ದರೆ ಆ ಜಾಗ ಗ್ಲೇಜ್‌ನ ನೀರನ್ನು ಹೀರದೆ ಮತ್ತೊಂದು ಸಮಸ್ಯೆ ಹುಟ್ಟುತ್ತದೆ.

ಕಿಂಡಿಗಣ್ಣು

ಗ್ಲೇಜ್ ಹಚ್ಚಿ ಒಣಗಿದ ಮೇಲೆ ಅದರ ಮೇಲೆ ಬರೆದರೆ ಎರಡೂ ತೊಂದರೆ ಇಲ್ಲವಲ್ಲ. ತವರದ ಬಿಳಿ ಗ್ಲೇಜ್ ಮೇಲೆ ಇಟಲಿಯ ಮಜಾಲಿಕ ಪಾತ್ರೆಗಳ ಚಿತ್ರಕಾರರು ಮಾಡಿದ್ದೂ ಅದನ್ನೇ.

ನೀಲಿಕುಂಚ

ಅದು ಸರಿಯಾದ ದಾರಿ. ಒಣ ಗ್ಲೇಜ್ ಮೇಲೆ ಎಳೆದ ಗೆರೆಯನ್ನು ಒರೆಸಿ ತಿದ್ದಲು ಮಾತ್ರ ಬರುವುದಿಲ್ಲ, ಕೈ ಪಳಗಿರಬೇಕು.

ತಣ್ಣೀರು

ಇಷ್ಟು ಹೊತ್ತು ಓದಿದೆ. ಕ್ರೋಮಿಯಂ ಆವಿ, ಮ್ಯಾಂಗನೀಸ್, ಬೇರಿಯಂ ಎಂದೆಲ್ಲ ಬಂದು ಹೋದರೂ ಉಸಿರಾಟದ ಬಗ್ಗೆಯಾಗಲಿ ಊಟದ ಪಾತ್ರೆಯ ಬಗ್ಗೆಯಾಗಲಿ ಒಬ್ಬರೂ ಒಂದು ಮಾತು ಹೇಳಲಿಲ್ಲ. ಹೊಸಬರು ಓದುತ್ತಿರುವ ಚರ್ಚೆಯಲ್ಲಿ ಇದು ಸರಿಯಲ್ಲ.

ಮ್ಯಾಂಗನೀಸ್ ಹೊಗೆಯನ್ನು ದೀರ್ಘಕಾಲ ಉಸಿರಾಡಿದರೆ ನರಮಂಡಲ ಹಾಳಾಗಿ, ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಲಕ್ಷಣಗಳು ಬರುತ್ತವೆ. ಮ್ಯಾಂಗನೀಸ್ ಹೆಚ್ಚಿರುವ ಲೋಹಬಣ್ಣದ ಗ್ಲೇಜ್ ಸುಡುವ ಕಿಲ್ನ್ ಮನೆಯೊಳಗೆ ಇರಬಾರದು, ಹೊರಗೆ ಗಾಳಿ ಹೋಗುವ ವ್ಯವಸ್ಥೆ ಇರಬೇಕು. ಬೇರಿಯಂ ಕಾರ್ಬೊನೇಟ್ ಹೊಟ್ಟೆಗೆ ಹೋದರೆ ವಿಷ. ಬಹಳ ಗ್ಲೇಜ್‌ಗಳಲ್ಲಿ ಅದರ ಬದಲಿಗೆ ಸ್ಟ್ರಾಂಷಿಯಂ ಕಾರ್ಬೊನೇಟನ್ನು ಮುಕ್ಕಾಲು ತೂಕದಷ್ಟು ಹಾಕಿದರೆ ನಡೆಯುತ್ತದೆ. ಯಾವ ಬಣ್ಣವನ್ನೂ ಹಾಕದ ಗ್ಲೇಜ್‌ನಲ್ಲೂ ಸಿಲಿಕಾ ಧೂಳಿದೆ, ಅದು ಶ್ವಾಸಕೋಶದಲ್ಲಿ ಉಳಿದು ಸಿಲಿಕೋಸಿಸ್ ತರುತ್ತದೆ. ಒಣ ಪುಡಿ ತೂಗುವಾಗ ಧೂಳು ತಡೆಯುವ ಸರಿಯಾದ ಮಾಸ್ಕ್ ಧರಿಸಿ, ಬಟ್ಟೆಯ ತುಂಡು ಸಾಲದು. ಕೆಲಸದ ಮೇಜನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕೆಮ್ಮಣ್ಣು

ಶತಮಾನಗಳಿಂದ ಜನ ಈ ಖನಿಜಗಳನ್ನು ಬಳಸಿ ಅದೇ ಪಾತ್ರೆಗಳಲ್ಲಿ ಉಂಡಿದ್ದಾರಲ್ಲವೇ? ಅತಿಯಾಗಿ ಹೆದರಿಸುವುದೂ ತಪ್ಪು.

ತಣ್ಣೀರು

ಶತಮಾನಗಳಿಂದ ಸೀಸದ ಗ್ಲೇಜ್‌ನ ಪಾತ್ರೆಗಳಲ್ಲಿಯೂ ಉಂಡಿದ್ದಾರೆ, ಅದರಿಂದ ಸೀಸ ನಿರಪಾಯಕಾರಿ ಆಗಲಿಲ್ಲ. ಅಷ್ಟೇ ಅಲ್ಲ, ಸೀಸದ ಗ್ಲೇಜ್‌ಗೆ ತಾಮ್ರ ಬೆರೆಸಿದರೆ ಆಹಾರಕ್ಕೆ ಇಳಿಯುವ ಸೀಸದ ಪ್ರಮಾಣ ಹೆಚ್ಚುತ್ತದೆ. ಸೀಸವಿಲ್ಲದ ಗ್ಲೇಜ್‌ನಲ್ಲೂ ತಾಮ್ರ ಅತಿಯಾದರೆ ಗಾಜು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಶೇ. 5ರ ಸುತ್ತಮುತ್ತ ಮೇಲ್ಮೈ ಕಪ್ಪಾಗಿ ಲೋಹದಂತೆ ಹೊಳೆಯಲು ಆರಂಭಿಸಿದರೆ ಅದು ಹೆಚ್ಚಾಯಿತೆಂದು ತಿಳಿಯಿರಿ. ಹುಳಿ ಪದಾರ್ಥ ಹಾಕುವ ಬಟ್ಟಲಿನ ಒಳಮೈಗೆ ಅದು ಬೇಡ. ನಿಮ್ಮ ಕಬ್ಬಿಣದ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ.

ಕೋನಾರು

ವಿನೆಗರ್‌ನಲ್ಲಿ ನೆನೆಸಿಟ್ಟು ಬಣ್ಣ ಮಾಸದಿದ್ದರೆ ಸುರಕ್ಷಿತ ಎಂದು ಹಲವರು ಹೇಳುತ್ತಾರೆ.

ತಣ್ಣೀರು

ಬಣ್ಣ ಮಾಸಿದರೆ ಗ್ಲೇಜ್ ಕೆಟ್ಟದ್ದು ಎಂದು ಖಂಡಿತವಾಗಿ ಹೇಳಬಹುದು. ಮಾಸದಿದ್ದರೆ ಒಳ್ಳೆಯದು ಎಂದು ಹೇಳಲಾಗದು, ಏಕೆಂದರೆ ಕಣ್ಣಿಗೆ ಕಾಣದಷ್ಟು ಲೋಹ ಇಳಿದಿರಬಹುದು. ಸೀಸ ಮತ್ತು ಕ್ಯಾಡ್ಮಿಯಂಗಾಗಿ ಇರುವ ಐಎಸ್ಒ 6486 ಪರೀಕ್ಷೆಯಲ್ಲಿ ಪಾತ್ರೆಯನ್ನು ಶೇ. 4ರ ಅಸಿಟಿಕ್ ಆಮ್ಲದಲ್ಲಿ 24 ಗಂಟೆ ಇರಿಸಿ, ಆ ದ್ರವವನ್ನು ಉಪಕರಣದಿಂದ ಅಳೆಯುತ್ತಾರೆ. ಮಾರುವ ಪಾತ್ರೆಯಾದರೆ ಪ್ರಯೋಗಾಲಯಕ್ಕೆ ಕಳುಹಿಸುವುದೇ ಸರಿ. ಕೆಂಪು, ಕಿತ್ತಳೆ ಬಣ್ಣಗಳಿಗೆ ಕ್ಯಾಡ್ಮಿಯಂ ಬೇಕಿದ್ದರೆ ಜಿರ್ಕಾನ್ ಹರಳಿನೊಳಗೆ ಮುಚ್ಚಿಟ್ಟ ಸ್ಟೇನ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ, ಅದನ್ನೂ ಮತ್ತೆ ಅರೆಯಬೇಡಿ. ಅರೆದರೆ ಆ ಹೊದಿಕೆ ಒಡೆಯುತ್ತದೆ. ಇಲ್ಲಿ ನಾನು ಕೋನಾರು ಅವರ ಪಕ್ಷ.

ತಿಗರಿ

ಮಾರಿದವರನ್ನು ಕೇಳಿದೆ. ಮೊದಲ ಗ್ಲೇಜ್‌ನಲ್ಲಿ ಸತು ಇದೆ, ಎರಡನೆಯದು ಸೋಡಿಯಂ ಹೆಚ್ಚಿರುವ ಫ್ರಿಟ್‌ನಿಂದ ಮಾಡಿದ್ದು ಎಂಬ ಉತ್ತರ ಬಂತು. ಸತುವಿಲ್ಲದ, ಸುಣ್ಣದಂಶ ಹೆಚ್ಚಿರುವ ಮೂರನೆಯ ಗ್ಲೇಜ್ ತರಿಸಿ ಅದೇ ಕ್ರೋಮಿಯಂ ಹಾಕಿದೆ. ಗಾಢ ಹಸಿರು ಬಂದಿದೆ. ಎಲ್ಲರಿಗೂ ಕೃತಜ್ಞತೆಗಳು.

ಈಗ ಎರಡು ಆಸೆಗಳು ಹುಟ್ಟಿವೆ. ಆ ಗುಲಾಬಿಯನ್ನು ಬೇಕೆಂದೇ ಪಾತ್ರೆಯಿಡೀ ತರಬಹುದೇ? ತಾಮ್ರದಿಂದ ಕೆಂಪು ಬರುತ್ತದೆ ಎಂದು ಓದಿದ್ದೇನೆ, ಅದು ವಿದ್ಯುತ್ ಕಿಲ್ನ್‌ನಲ್ಲಿ ಸಾಧ್ಯವೇ?

ಅಳತೆಗೋಲು

ಗುಲಾಬಿ ಖಂಡಿತ ಸಾಧ್ಯ, ನಿಮ್ಮ ಮೂರನೆಯ ಗ್ಲೇಜ್ ಅದಕ್ಕೆ ಹೇಳಿ ಮಾಡಿಸಿದಂತಿದೆ. ತವರದ ಆಕ್ಸೈಡ್ ಶೇ. 5ರಿಂದ 7, ಕ್ರೋಮಿಯಂ ಆಕ್ಸೈಡ್ ಶೇ. 0.1ರಿಂದ 0.2. ಇದಕ್ಕಿಂತ ಕ್ರೋಮಿಯಂ ಹೆಚ್ಚಾದರೆ ಹಸಿರುಬೂದಿಯ ಕಡೆಗೆ ಹೋಗುತ್ತದೆ. ಸತು ಇರಬಾರದು, ಮೆಗ್ನೀಷಿಯಂ ಕಡಿಮೆ ಇರಬೇಕು. ತವರದ ಬದಲು ಜಿರ್ಕೋನಿಯಂ ಬಿಳಿಯನ್ನು ಹಾಕಿದರೆ ಗುಲಾಬಿ ಬರುವುದೇ ಇಲ್ಲ. ಕ್ರೋಮಿಯಂ ಪಾತ್ರೆಗಳ ಪಕ್ಕದಲ್ಲಿ ಇಡಬೇಕಾದ ಬಿಳಿ ಪಾತ್ರೆಗಳಿಗೆ ಇದನ್ನೇ ಉಪಾಯವಾಗಿ ಬಳಸಿಕೊಳ್ಳಬಹುದು.

ಕೆಮ್ಮಣ್ಣು

ತಾಮ್ರದ ಕೆಂಪಿನ ಬಗ್ಗೆ ನಾನು ಹೇಳುತ್ತೇನೆ. ಇಂಧನ ಉರಿಸುವ ಕಿಲ್ನ್‌ನಲ್ಲಿ ಗ್ಲೇಜ್ ಕರಗಿ ಮುಚ್ಚಿಕೊಳ್ಳುವ ಮೊದಲೇ ಗಾಳಿ ತಗ್ಗಿಸಬೇಕು, ಮುಚ್ಚಿಕೊಂಡ ಮೇಲೆ ಅನಿಲ ಒಳಹೋಗುವುದಿಲ್ಲ. ಆಗ ತಾಮ್ರ ಆಮ್ಲಜನಕವನ್ನು ಕಳೆದುಕೊಂಡು, ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣಗಳಾಗಿ ಹರಡಿಕೊಳ್ಳುತ್ತದೆ. ಕೆಂಪು ಬರುವುದು ಆ ಕಣಗಳಿಂದ. ಹಸಿರಿಗೆ ಶೇ. 3 ಹಾಕಿದ ನೀವು ಇಲ್ಲಿ ಶೇ. 0.5 ಕೂಡ ದಾಟಬಾರದು, ಜೊತೆಗೆ ಶೇ. 1ರಿಂದ 2 ತವರ ಇದ್ದರೆ ಕೆಂಪು ನೆಲೆಗೊಳ್ಳುತ್ತದೆ.

ವಿದ್ಯುತ್ ಕಿಲ್ನ್‌ನಲ್ಲಿ ಅತಿ ನಯವಾದ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಶೇ. 0.3ರಿಂದ 0.5ರಷ್ಟು ಗ್ಲೇಜ್‌ಗೇ ಬೆರೆಸುವ ದಾರಿಯಿದೆ. ಅದು ಒಳಗಿಂದಲೇ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಪುಡಿ ಒರಟಾಗಿದ್ದರೆ ಬೂದಿಚುಕ್ಕೆಗಳೂ ಕುಳಿಗಳೂ ಏಳುತ್ತವೆ. ಬಣ್ಣ ಬರುತ್ತದೆ, ಆದರೆ ನಿಜವಾದ ಬೆಂಕಿಯ ಕೆಂಪಿನ ಆಳ ಅದಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಿಂಡಿಗಣ್ಣು

ಆಳವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ದಪ್ಪವಾಗಿ ಹಚ್ಚಿ ನೋಡಿ. ತೆಳುವಾದ ಕಡೆ ಅದು ಬಣ್ಣವಿಲ್ಲದೆ ಉಳಿಯುತ್ತದೆ, ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ.

ಬೂದಿಗಾಜು

ತಿಗರಿ ಅವರೇ, ಯಾವುದನ್ನೇ ಮಾಡಿದರೂ ದೊಡ್ಡ ಪಾತ್ರೆಗೆ ಹೋಗುವ ಮೊದಲು ಸಾಲು ಮಿಶ್ರಣ ಮಾಡಿ. ಬಣ್ಣವಿಲ್ಲದ ಗ್ಲೇಜ್ ಒಂದು ಬಟ್ಟಲಲ್ಲಿ, ಗರಿಷ್ಠ ಬಣ್ಣದ ಅದೇ ಗ್ಲೇಜ್ ಇನ್ನೊಂದು ಬಟ್ಟಲಲ್ಲಿ. ಎರಡರಲ್ಲೂ ನೀರು ಸಮನಾಗಿರಲಿ. ಅಳತೆಯ ಸಿರಿಂಜಿನಿಂದ ಮೊದಲನೆಯದರಲ್ಲಿ 10 ಭಾಗ, ಆಮೇಲೆ 8ಕ್ಕೆ 2, 6ಕ್ಕೆ 4 ಹೀಗೆ ಬೆರೆಸುತ್ತ ಹೋದರೆ ಶೇ. 0.1ರಂಥ ಸಣ್ಣ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗುವ ಕಷ್ಟವೇ ಇರುವುದಿಲ್ಲ. ಬಿಲ್ಲೆಗಳು ನೆಟ್ಟಗೆ ನಿಲ್ಲುವಂತಿರಲಿ, ಮಲಗಿಸಿದ ಬಿಲ್ಲೆಯಲ್ಲಿ ಗ್ಲೇಜ್ ಹರಿಯುತ್ತದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಪ್ರತಿಯೊಂದರ ಅರ್ಧಕ್ಕೆ ಎರಡು ಸಲ ಅದ್ದಿ ದಪ್ಪಮಾಡಿ. ಗುರುತನ್ನು ಬಿಲ್ಲೆಯ ಹಿಂಬದಿಯಲ್ಲಿ ಕಬ್ಬಿಣದ ಆಕ್ಸೈಡ್ ನೀರಿನಿಂದಲೇ ಬರೆಯಿರಿ, ಪೆನ್ಸಿಲ್ ಗುರುತು ಸುಟ್ಟು ಹೋಗುತ್ತದೆ.

ತಿಗರಿ

ಗುಲಾಬಿಯ ಸಾಲನ್ನೂ ತಾಮ್ರದ ಕೆಂಪಿನ ಸಾಲನ್ನೂ ಒಂದೇ ಸಲ ಸುಡಬಹುದೇ?

ಅಳತೆಗೋಲು

ಸುಡಬಹುದು, ಆದರೆ ಬೇರೆ ಬೇರೆ ಹಲಗೆಗಳ ಮೇಲೆ ಇಡಿ. ತಾಮ್ರವೂ ಆವಿಯಾಗುತ್ತದೆ, ಎರಡು ಸಾಲಿನಲ್ಲೂ ತವರವಿದೆ. ಪಕ್ಕಪಕ್ಕದಲ್ಲಿಟ್ಟರೆ ಯಾವ ಕೆಂಪು ಎಲ್ಲಿಂದ ಬಂತು ಎಂದು ಹೇಳಲಾಗದು. ಶೇ. 1ರ ಕ್ರೋಮಿಯಂ ಹಸಿರು ಪಾತ್ರೆಯನ್ನಂತೂ ಈ ಸಲ ಕಿಲ್ನ್‌ನೊಳಗೇ ಇಡಬೇಡಿ.